ಆಗಸ್ಟ್‌ನಲ್ಲಿ ದುಡಿದ ದುಡ್ಡು ಜನವರಿಯಲ್ಲಿ ಬಂತು

ಆ ನೋಟಿಸು ಬೋರ್ಡಿನ ಕೆಳಗಡೆ ಮೂಲೆಯಲ್ಲಿತ್ತು. ಮೇಲೆ ಎನ್ನೆಸ್ಸೆಸ್ ಕ್ಯಾಂಪು, ಪಕ್ಕದಲ್ಲಿ ಫೀಸು ಕಟ್ಟೋ ಕೊನೇ ದಿನಾಂಕ, ಅದರ ಕೆಳಗೆ ಯಾರದ್ದೋ ಕಳೆದುಹೋದ ಕ್ಯಾಲ್ಕುಲೇಟರ್. ಎಲ್ಲಕ್ಕಿಂತ ಕೆಳಗೆ ಅರ್ಧ ಹಾಳೆಯಲ್ಲಿ ಒಂದು ಟೈಪ್ ಮಾಡಿದ ಸಾಲು: ಲೈಬ್ರರಿಗೆ ವಿದ್ಯಾರ್ಥಿ ಸಹಾಯಕರು ಬೇಕು, ದಿನಕ್ಕೆ 2 ಗಂಟೆ, ಗಂಟೆಗೆ 60 ರೂಪಾಯಿ ಗೌರವಧನ, ತಿಂಗಳಿಗೆ 40 ಗಂಟೆ ಮೀರುವಂತಿಲ್ಲ.

ಅಲ್ಲೇ ನಿಂತು ಲೆಕ್ಕ ಹಾಕಿದೆ. ತಿಂಗಳಿಗೆ 2,400. ನನ್ನ ಪಿಜಿ ಬಾಡಿಗೆ 6,500, ಊಟ ಸೇರಿ, ಒಂದು ರೂಮಿಗೆ ನಾಲ್ಕು ಜನ. ಬಾಡಿಗೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಯ್ತಲ್ಲ ಅನ್ನಿಸಿತು.

ಇದು 2024ರ ಆಗಸ್ಟ್ ಮೊದಲ ವಾರದ ಮಾತು. ನಾನಾಗ ಎರಡನೇ ವರ್ಷದ ಬಿಕಾಂ, ಮಲ್ಲೇಶ್ವರಂ ಕಡೆಯ ಒಂದು ಕಾಲೇಜು. ಹೆಸರು ಬೇಡ, ಮುಂದೆ ಬೈಯೋದಿದೆ. ಊರು ಅರಸೀಕೆರೆ ಹತ್ತಿರ. ನಮ್ಮದು ತೆಂಗಿನ ತೋಟ, ಬಹಳ ದೊಡ್ಡದೇನಲ್ಲ. 2023ರಲ್ಲಿ ಕೊಬ್ಬರಿ ರೇಟು ಬಿದ್ದದ್ದು ನೆನಪಿರಬಹುದು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಅಂತ ಕಾಗದದಲ್ಲಿತ್ತು, ತಿಪಟೂರು ಮಾರುಕಟ್ಟೆಯಲ್ಲಿ ಸಿಕ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಅಪ್ಪ ಯಾವತ್ತೂ ದುಡ್ಡಿಲ್ಲ ಅಂತ ಹೇಳಿದವರಲ್ಲ. ಆದರೆ ಫೋನಿನಲ್ಲಿ "ಎಷ್ಟು ಹಾಕ್ಲಿ ಮಗಾ?" ಅಂತ ಕೇಳಿ, ನಾನು ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಒಂದು ಕ್ಷಣ ನನಗೆ ಬೇಡವಾಗಿತ್ತು, ಅಷ್ಟೇ.

ಹೊರಗಡೆ ಕೆಲಸ ಮಾಡುವವರು ನಮ್ಮ ಕ್ಲಾಸಿನಲ್ಲಿ ಬೇಕಾದಷ್ಟು ಜನ ಇದ್ದರು. ಹುಡುಗರು ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗ್‌ಗೆ ಹೋಗುತ್ತಾರೆ. ಕಲ್ಯಾಣ ಮಂಟಪದಲ್ಲಿ ಸಂಜೆಯಿಂದ ನಡುರಾತ್ರಿವರೆಗೆ ಬಡಿಸಿದರೆ ಅವತ್ತೇ ಕೈಗೆ ಕಾಸು, ಹೊಟ್ಟೆಗೆ ಹೋಳಿಗೆ. ಮಾರನೇ ದಿನ ಮೊದಲ ಪೀರಿಯಡ್ಡಿನಲ್ಲಿ ಮಾತ್ರ ತಲೆ ಬೆಂಚಿನ ಮೇಲೆ. ನನ್ನ ರೂಮ್‌ಮೇಟ್ ಒಬ್ಬಳು ಶನಿವಾರ ಭಾನುವಾರ ಮಾಲ್ ಒಂದರ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ನಿಲ್ಲುತ್ತಿದ್ದಳು ಅಂದರೆ ನಿಜವಾಗಿ ನಿಲ್ಲುವುದೇ, ಹತ್ತು ಗಂಟೆ, ಕೂರಲು ಸ್ಟೂಲು ಕೂಡ ಇಲ್ಲ. ಇಂಟರ್ನಲ್ಸ್ ಇದೆ ರಜಾ ಕೊಡಿ ಅಂದಿದ್ದಕ್ಕೆ ಮ್ಯಾನೇಜರ್ ಹಬ್ಬದ ಸೇಲ್ ಇದೆ ಅಂದರಂತೆ. ಅವಳನ್ನು ನೋಡಿದ್ದರಿಂದಲೇ ನನಗೆ ಕ್ಯಾಂಪಸ್ಸಿನೊಳಗಿನ ಕೆಲಸ ಅಂದ ತಕ್ಷಣ ಆಸೆ ಆದದ್ದು. ಕ್ಲಾಸು ಮುಗಿಯುವುದು ಒಂದೂವರೆಗೆ, ಕೆಲಸ ಎರಡರಿಂದ ನಾಲ್ಕು, ನಡುವೆ ಡಬ್ಬಿ ತೆಗೆದು ತಿನ್ನೋಕೆ ಅರ್ಧ ಗಂಟೆ. ಶೇಕಡ 75 ಹಾಜರಾತಿಗೂ ತೊಂದರೆ ಇಲ್ಲ. ಬಸ್ಸಿಗೂ ಖರ್ಚಿಲ್ಲ, ಆಧಾರ್ ತೋರಿಸಿದರೆ ಶೂನ್ಯ ದರದ ಟಿಕೆಟ್ ಹರಿದು ಕೊಡ್ತಾರೆ.

ಅರ್ಜಿಗೆ ಬೇಕಾದದ್ದು: ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್, ಎಚ್‌ಓಡಿ ಸಹಿ, ಜೊತೆಗೆ ಪೋಷಕರ ಒಪ್ಪಿಗೆ ಪತ್ರ. ಆದಾಯ ಪ್ರಮಾಣಪತ್ರ ಸ್ಕಾಲರ್‌ಶಿಪ್‌ಗೆ ಅಂತ ನಾಡಕಚೇರಿಯಲ್ಲಿ ಮಾಡಿಸಿದ್ದು ಇತ್ತು. ಎಚ್‌ಓಡಿ ಸರ್ ಓದದೆಯೇ ಸಹಿ ಹಾಕಿದರು. ಕಷ್ಟವಾದದ್ದು ಒಪ್ಪಿಗೆ ಪತ್ರವೇ.

"ನಿನ್ನನ್ನ ಓದೋಕೆ ಕಳಿಸಿದ್ದೋ ಕೆಲಸಕ್ಕೆ ಕಳಿಸಿದ್ದೋ?" ಅಂತ ಅಪ್ಪ ಕೇಳಿದರು. ಬೈದಿದ್ದರೆ ಪರವಾಗಿರಲಿಲ್ಲ, ಮೆತ್ತಗೆ ಕೇಳಿದರು. ನಾನು ನಮ್ಮೂರಿನ ಹಳೇ ಮೇಷ್ಟ್ರ ವಿಷಯ ತೆಗೆದೆ. ಅವರು ವಾರಾನ್ನ ಉಂಡು ಓದಿದವರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಊಟಕ್ಕೆ ಬದಲಾಗಿ ಆ ಮನೆಗಳ ನೀರು ಸೇದಿ ಹಾಕುತ್ತಿದ್ದರು ಅಂತ ಅಪ್ಪನೇ ನಮಗೆ ಎಷ್ಟು ಸಲ ಹೇಳಿದ್ದಾರೆ. "ಅವ್ರು ನೀರು ಸೇದಿದ್ರು, ನಾನು ಪುಸ್ತಕ ಜೋಡಿಸ್ತೀನಿ, ಫ್ಯಾನ್ ಕೆಳಗೆ" ಅಂದೆ. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ, ಫೋನು ಅಮ್ಮನಿಗೆ ಕೊಟ್ಟರು. ಮಾರನೇ ದಿನ ಸಹಿ ಹಾಕಿದ ಪತ್ರದ ಫೋಟೋ ವಾಟ್ಸಾಪ್‌ನಲ್ಲಿ ಬಂತು. ಆಫೀಸಿನವರು ಫೋಟೋ ನಡೆಯಲ್ಲ, ಒರಿಜಿನಲ್ ಬೇಕು ಅಂದರು. ಆ ವಾರ ಬೆಂಗಳೂರಿಗೆ ಬರುವವರಿದ್ದ ಸೋದರಮಾವ ಯಶವಂತಪುರ ಸ್ಟೇಷನ್ನಿನಲ್ಲಿ ಇಳಿದು ಒಂದು ಕವರು, ನಾಲ್ಕು ತೆಂಗಿನಕಾಯಿ, ಒಂದು ಡಬ್ಬ ಚಕ್ಕುಲಿ ಕೊಟ್ಟು ಹೋದರು. ಚಕ್ಕುಲಿ ಪಿಜಿಯಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ.

ಇಂಟರ್‌ವ್ಯೂ ಆಗಸ್ಟ್ 12ಕ್ಕೆ. ಹೋದರೆ ಕೌಂಟರಿನ ಮೇಲೆ ಒಬ್ಬರ ಫೋಟೋ, ಅದಕ್ಕೊಂದು ಸೇವಂತಿಗೆ ಮಾಲೆ. ಎಸ್. ಆರ್. ರಂಗನಾಥನ್ ಅಂತೆ, ಆ ದಿನವನ್ನು ಗ್ರಂಥಪಾಲಕರ ದಿನ ಅಂತ ಮಾಡುತ್ತಾರಂತೆ. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಲೈಬ್ರರಿಯನ್ ಮೇಡಂ ಬೇಜಾರು ಮಾಡಿಕೊಳ್ಳದೆ ಹೇಳಿದರು: ಗಣಿತದ ಮೇಷ್ಟ್ರಾಗಿದ್ದವರು, ಮದರಾಸು ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದು ಈ ವಿದ್ಯೆಗೇ ಒಂದು ಶಾಸ್ತ್ರ ಕಟ್ಟಿದರು, ಕಡೇ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಐದು ಸೂತ್ರ ಇವೆ, ಅದರಲ್ಲಿ ನಾಲ್ಕನೇದನ್ನು ನೀನು ನೆನಪಿಟ್ಟರೆ ಸಾಕು ಅಂದರು. ಓದುಗರ ಸಮಯ ಉಳಿಸು, ಅನ್ನುವುದು ಆ ನಾಲ್ಕನೇದು. ನನಗೆ ಅದು ಇವತ್ತಿಗೂ ನೆನಪಿದೆ, ಯಾಕೆ ಅನ್ನುವುದು ಮುಂದೆ ಬರುತ್ತೆ.

ಪ್ರಶ್ನೆ ಗಿಶ್ನೆ ಏನೂ ಕೇಳಲಿಲ್ಲ. ಟ್ರಾಲಿಯಲ್ಲಿ ಹತ್ತು ಪುಸ್ತಕ ಇಟ್ಟು, ಬೆನ್ನಿನ ಮೇಲಿನ ನಂಬರ್ ನೋಡಿ ಸಾಲಾಗಿ ಜೋಡಿಸು ಅಂದರು. ಸುಲಭ ಅಂದುಕೊಂಡೆ. 657.8 ಮೊದಲು, 657.42 ಆಮೇಲೆ ಇಟ್ಟೆ. ಎಂಟಾದ ಮೇಲೆ ತಾನೇ ನಲವತ್ತೆರಡು? ಮೇಡಂ ನಕ್ಕರು. ಬಿಕಾಂ ಹುಡುಗಿ ದಶಾಂಶದಲ್ಲಿ ತಪ್ಪಿದ್ದಳು. ನನ್ನ ಪಕ್ಕ ನಿಂತಿದ್ದ ಸಿಂಧನೂರು ಕಡೆಯ ಹುಡುಗ, ಮೊದಲ ವರ್ಷದ ಬಿಎ, ಒಂದೂ ತಪ್ಪಿಲ್ಲದೆ ಜೋಡಿಸಿ ಕೈ ಕಟ್ಟಿ ನಿಂತ. ಇಬ್ಬರನ್ನೂ ತೆಗೆದುಕೊಂಡರು. ಅರ್ಜಿ ಹಾಕಿದ್ದೇ ನಾವಿಬ್ಬರು ಅಂತ ಆಮೇಲೆ ಗೊತ್ತಾಯಿತು.

ಆಗಸ್ಟ್ 20ರಿಂದ ಕೆಲಸ ಶುರು.

ಮೊದಲ ಎರಡು ವಾರ ಬರೀ ಜೋಡಿಸೋದು. ವಾಪಸ್ ಬಂದ ಪುಸ್ತಕ ಟ್ರಾಲಿಗೆ, ಟ್ರಾಲಿಯಿಂದ ರ‍್ಯಾಕಿಗೆ. ಓದಿದವರು ಎಲ್ಲೆಲ್ಲೋ ತುರುಕಿ ಹೋದದ್ದನ್ನು ಹುಡುಕಿ ಅದರ ಜಾಗಕ್ಕೆ. ಪುಸ್ತಕದ ಬೆನ್ನಿನ ಆ ನಂಬರು ಇಲ್ಲದಿದ್ದರೆ ಲೈಬ್ರರಿ ಅನ್ನೋದು ಹಳೇ ಪೇಪರ್ ಅಂಗಡಿಯೇ. ಅಮೆರಿಕದ ಮೆಲ್ವಿಲ್ ಡ್ಯೂಯಿ ಅನ್ನುವವರು 1876ರಲ್ಲಿ ಪ್ರಕಟಿಸಿದ ಪದ್ಧತಿ ಅದು, ಎಲ್ಲ ವಿಷಯವನ್ನೂ ಹತ್ತು ಪಾಲು ಮಾಡಿ, ಒಂದೊಂದು ಪಾಲನ್ನೂ ಮತ್ತೆ ಹತ್ತು ಮಾಡಿ, ಹಾಗೇ ಕತ್ತರಿಸುತ್ತಾ ಹೋಗುವುದು. ಅಡುಗೆಗೆ 641, ನಮ್ಮ ಅಕೌಂಟೆನ್ಸಿಗೆ 657, ಎರಡೂ ಒಂದೇ ಸಾಲಿನ ರ‍್ಯಾಕಿನಲ್ಲಿ. ಆಡಿಟಿಂಗ್ ಪುಸ್ತಕ ಹುಡುಕುವವರು ಉಪ್ಪಿನಕಾಯಿ ಪುಸ್ತಕ ದಾಟಿ ಹೋಗಬೇಕು.

ಸಾಹಿತ್ಯಕ್ಕೆ 800. ಇಂಗ್ಲಿಷಿಗೆ 820, ಜರ್ಮನ್‌ಗೆ 830, ಫ್ರೆಂಚಿಗೆ 840, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪೂರ್ತಿ ಮನೆ. ಉಳಿದ ಇಡೀ ಲೋಕಕ್ಕೆ ಸೇರಿ 890 ಅನ್ನುವ ಒಂದು ವಠಾರ. ಅದರಲ್ಲಿ ಕನ್ನಡದ ನಂಬರು 894.814. ಕಾದಂಬರಿ ಆದರೆ ಇನ್ನೊಂದು ಅಂಕಿ ಸೇರಿ 894.8143. ಕವನ ಸಂಕಲನಗಳು ತೆಳ್ಳಗಿರುತ್ತವಲ್ಲ, ಅವುಗಳ ಬೆನ್ನಿನ ಮೇಲೆ ಇಷ್ಟುದ್ದದ ನಂಬರು ಹಿಡಿಸುವುದೇ ಇಲ್ಲ, ಲೇಬಲ್ಲನ್ನು ಮಡಚಿ ರಟ್ಟಿನ ಮೇಲಕ್ಕೆ ಅಂಟಿಸಬೇಕು. ಅಂಟಿಸಿದ ಲೇಬಲ್ಲು ಬಿಸಿಲಿಗೆ ಎದ್ದು ಬರುತ್ತೆ, ಮತ್ತೆ ಅಂಟಿಸಬೇಕು. ಡ್ಯೂಯಿಗೆ ಕನ್ನಡ ಗೊತ್ತಿದ್ದಿದ್ದರೆ ನನಗೆ ಗೋಂದಿನ ಕೆಲಸ ಅರ್ಧ ಕಡಿಮೆ ಆಗುತ್ತಿತ್ತು.

ಆಮೇಲೆ ಕೌಂಟರು. ಅಲ್ಲಿ ಕೂತರೆ ಕಾಲೇಜೇ ಬೇರೆ ಥರ ಕಾಣುತ್ತೆ. ನಿನ್ನೆ ತನಕ ಪಕ್ಕದಲ್ಲಿ ಕೂತು ಕಡಲೆಕಾಯಿ ತಿಂದವಳು ಇವತ್ತು ಎದುರು ನಿಂತು "ಲೇ, ಫೈನು ಹಾಕ್ಬೇಡ ಕಣೇ" ಅನ್ನುತ್ತಾಳೆ. ದಿನಕ್ಕೆ ಒಂದು ರೂಪಾಯಿ ಫೈನು. ಸಿಸ್ಟಮ್ಮೇ ಲೆಕ್ಕ ಹಾಕುತ್ತೆ, ನಾನು ಏನೂ ಮಾಡೋಕಾಗಲ್ಲ ಅಂದರೆ ಯಾರೂ ನಂಬುವುದಿಲ್ಲ. ಕೊನೇ ವರ್ಷದ ಸೀನಿಯರ್ ಒಬ್ಬರು 86 ರೂಪಾಯಿಯನ್ನು ಪೂರ್ತಿ ಒಂದು ರೂಪಾಯಿ ನಾಣ್ಯದಲ್ಲಿ ಎಣಿಸಿ ಇಟ್ಟು ಹೋದರು, ಸಿಟ್ಟಿಗೆ. ನಾನು ಅದನ್ನು ಎರಡು ಸಲ ಎಣಿಸಿದೆ, ನನಗೂ ಸಿಟ್ಟು. ಹಾಲ್ ಟಿಕೆಟ್ ಸಮಯದಲ್ಲಿ ಲೈಬ್ರರಿಯಿಂದ ನೋ ಡ್ಯೂ ಸಹಿ ಬೇಕಲ್ಲ, ಆಗ ನೋಡಬೇಕು. ವರ್ಷಪೂರ್ತಿ ಮುಖ ತೋರಿಸದವರೆಲ್ಲ "ಮೇಡಂ, ಪ್ಲೀಸ್ ಮೇಡಂ" ಅನ್ನುತ್ತಾರೆ. ನನಗೆ! ಹತ್ತೊಂಬತ್ತು ವರ್ಷದವಳಿಗೆ!

ಅಟೆಂಡರ್ ಅಣ್ಣ ಒಬ್ಬರಿದ್ದಾರೆ, ಆ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷದಿಂದ. ಅವರಿಗೆ ಕಂಪ್ಯೂಟರ್ ಬೇಡ, ನಂಬರೂ ಬೇಡ. "ಹಸಿರು ರಟ್ಟಿಂದಾ? ಒಂದು ಮೂಲೆ ಇಲಿ ಕಡಿದಿರೋದಾ? ಮೂರನೇ ರ‍್ಯಾಕು, ಕೆಳಗಿನ ಸಾಲು" ಅನ್ನುತ್ತಾರೆ, ಅಲ್ಲೇ ಇರುತ್ತೆ. ಅವರಿಂದ ಕಲಿತದ್ದು ಎರಡು. ಪುಸ್ತಕವನ್ನು ಮೇಲಿನ ಅಂಚು ಹಿಡಿದು ಎಳೆಯಬಾರದು, ಬೆನ್ನು ಕಿತ್ತುಬರುತ್ತೆ, ಅಕ್ಕಪಕ್ಕದ ಎರಡನ್ನು ಒಳಕ್ಕೆ ತಳ್ಳಿ ನಡುವಿನದ್ದನ್ನು ಹಿಡಿಯಬೇಕು. ಎರಡನೇದು, ಆಫೀಸಿಗೆ ಏನೇ ಕಾಗದ ಕೊಟ್ಟರೂ ಒಂದು ಜೆರಾಕ್ಸ್ ಇಟ್ಟುಕೋ. ಎರಡನೇ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸದಲ್ಲಿ ನನಗೆ ನಿಜವಾಗಿ ಇಷ್ಟವಾದ ಭಾಗ ಸೆಪ್ಟೆಂಬರ್‌ನಲ್ಲಿ ಬಂತು. ನಮ್ಮ ಲೈಬ್ರರಿಯಲ್ಲಿರುವುದು ಕೋಹಾ ಅನ್ನುವ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಒಂದು ಊರಿನ ಲೈಬ್ರರಿಗೆ ಅಂತ ಮಾಡಿ 2000ದಲ್ಲಿ ಶುರು ಮಾಡಿದ್ದು, ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಅಲ್ಲಿನ ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಕಾಣಿಕೆ. ಪುಸ್ತಕ ಹುಡುಕಲು ಎರಡು ಕಂಪ್ಯೂಟರ್ ಇಟ್ಟಿದ್ದಾರೆ. ಆದರೆ ಕನ್ನಡ ಪುಸ್ತಕ ಯಾರೂ ಅದರಲ್ಲಿ ಹುಡುಕುತ್ತಿರಲಿಲ್ಲ, ಹುಡುಕಿದರೆ ಸಿಗುತ್ತಲೇ ಇರಲಿಲ್ಲ. ಯಾಕೆಂದರೆ ಯಾವ ಕಾಲದಲ್ಲೋ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದರು, ಹೊಡೆದವರು ಬೇರೆ ಬೇರೆ ಜನ. ಕಾವ್ಯ ಅನ್ನುವುದಕ್ಕೆ ಒಬ್ಬರು ಒಂದು ಎ, ಇನ್ನೊಬ್ಬರು ಎರಡು ಎ. ಹಳ್ಳಿಗೆ ಒಬ್ಬರು ಕೊನೆಯಲ್ಲಿ ಐ, ಇನ್ನೊಬ್ಬರು ವೈ. ಮೂಡಲ ಅಂತ ಹುಡುಕುವವನು ಯು ಹಾಕಬೇಕೋ ಎರಡು ಓ ಹಾಕಬೇಕೋ ಅಂತ ಪಂಚಾಂಗ ನೋಡಬೇಕಿತ್ತು.

ಇದನ್ನೆಲ್ಲ ಕನ್ನಡ ಅಕ್ಷರದಲ್ಲೇ ಹಾಕಿದರೆ ಆಗಲ್ವಾ ಅಂತ ಮೇಡಂನ ಕೇಳಿದೆ. ಆಗುತ್ತೆ, ಮಾಡುವವರು ಬೇಕಲ್ಲ ಅಂದರು. ಹಳೇ ಪಟ್ಟಿ ಒಂದು ಕನ್ನಡದಲ್ಲಿ ಟೈಪ್ ಮಾಡಿದ್ದೇ ಇತ್ತು, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ. ಅದನ್ನು ಹಾಗೇ ಕಾಪಿ ಮಾಡಿ ಹಾಕಿದರೆ ಕೋಹಾದಲ್ಲಿ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಕಸ. ಆ ಫಾಂಟಿನಲ್ಲಿ ಕನ್ನಡ ಅನ್ನುವುದು ಮೇಲುಹೊದಿಕೆ ಮಾತ್ರ, ಒಳಗಿರುವುದು ಬೇರೆ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಅರ್ಥವಾಗುವ ಸಂಕೇತಕ್ಕೆ, ಬದಲಿಸಬೇಕು. ಬದಲಿಸಿದ ಮೇಲೂ ಒತ್ತಕ್ಷರ ಎಲ್ಲೋ, ಅರ್ಕಾವೊತ್ತು ಎಲ್ಲೋ, ಒಂದೊಂದಾಗಿ ಕೂತು ತಿದ್ದಬೇಕು. ಅದಕ್ಕೆ ನಾನು ಕಗಪ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸ ಕಲಿತೆ. ಎಫ್ ಒತ್ತಿದರೆ ಅರ್ಧಾಕ್ಷರ ಅನ್ನುವುದು ಬೆರಳಿಗೆ ಕೂರುವವರೆಗೆ ಕಷ್ಟ, ಕೂತ ಮೇಲೆ ಮೊಬೈಲಿನಲ್ಲಿ ಟೈಪ್ ಮಾಡುವುದೇ ನಿಧಾನ ಅನ್ನಿಸುತ್ತೆ. ಸಿಂಧನೂರಿನ ಹುಡುಗ ಪುಸ್ತಕ ತಂದು ಮೊದಲ ಪುಟ ತೆಗೆದು ಹೆಸರು, ಬರೆದವರು, ಅಕ್ಸೆಷನ್ ನಂಬರ್ (ಲೈಬ್ರರಿಗೆ ಸೇರಿದಾಗ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ) ಓದುತ್ತಿದ್ದ, ನಾನು ಹೊಡೆಯುತ್ತಿದ್ದೆ. ಅವನಿಗೆ ಓದುತ್ತಾ ಓದುತ್ತಾ ಪುಸ್ತಕದೊಳಗೇ ಇಳಿದುಬಿಡುವ ಚಾಳಿ. "ಮುಂದಿನದು ಹೇಳೋ" ಅಂದರೆ "ಒಂದ್ ನಿಮಿಷ ಅಕ್ಕಾ, ಇದೊಂದ್ ಪದ್ಯ" ಅನ್ನುತ್ತಿದ್ದ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ನಾಲ್ಕುನೂರು ಚಿಲ್ಲರೆ ಪುಸ್ತಕ ಮುಗಿಸಿದೆವು. ಒಟ್ಟು ಇರುವುದು ಎರಡು ಸಾವಿರದ ಮೇಲೆ.

ಇಷ್ಟೊತ್ತಿಗೆ ದುಡ್ಡಿನ ಮಾತು ಬರಬೇಕಿತ್ತು. ಬರಲಿಲ್ಲ.

ನಮ್ಮ ಗೌರವಧನದ ದಾರಿ ಹೀಗೆ. ನಾವು ದಿನಾ ಹಾಜರಿ ಹಾಳೆಯಲ್ಲಿ ಸಮಯ ಬರೆದು ಸಹಿ ಹಾಕುತ್ತೇವೆ. ತಿಂಗಳ ಕೊನೆಗೆ ಮೇಡಂ ಸಹಿ. ಅಲ್ಲಿಂದ ಪ್ರಿನ್ಸಿಪಾಲರ ಕೊಠಡಿಗೆ. ಅಲ್ಲಿಂದ ಆಫೀಸ್ ಸೂಪರಿಂಟೆಂಡೆಂಟ್ ಹತ್ತಿರ, ಅವರು ವೋಚರ್ ಬರೆಯಬೇಕು. ವೋಚರ್ ಅಕೌಂಟ್ಸ್ ಸೆಕ್ಷನ್ನಿಗೆ, ಅಲ್ಲಿಂದ ಮ್ಯಾನೇಜ್‌ಮೆಂಟ್ ಆಫೀಸಿಗೆ. ಅವರು ಒಪ್ಪಿ ಕಳಿಸಿದರೆ ಬ್ಯಾಂಕಿಗೆ. ಐದು ಕಡೆ ಯಾರೂ ಕೆಟ್ಟವರಲ್ಲ. ಎಲ್ಲರೂ "ನಮ್ಮ ಹತ್ರ ಇಲ್ಲಮ್ಮಾ, ಅವತ್ತೇ ಮುಂದಕ್ಕೆ ಕಳಿಸಿದೀವಿ" ಅನ್ನುತ್ತಾರೆ. ನಿಜವೇ ಇರಬಹುದು. ಆಗಸ್ಟ್ ಹಾಳೆ ಗಣೇಶನ ಹಬ್ಬ ಮುಗಿದರೂ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಸೆಪ್ಟೆಂಬರ್ ಹಾಳೆ ದಸರಾ ರಜೆಯಲ್ಲಿ ಎಲ್ಲೋ ಇತ್ತು. ಎರಡೂ ಸೇರಿಸಿ ಒಂದೇ ವೋಚರ್ ಮಾಡೋಣ ಅಂದರು. ಆಮೇಲೆ ಅಕ್ಟೋಬರ್‌ದೂ ಬರಲಿ ಅಂದರು.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಬಿಕಾಂನಲ್ಲಿ ಹೇಳಿಕೊಡುತ್ತಾರಲ್ಲ, ದುಡಿದಾಯಿತು ಅಂದ ಮೇಲೆ ಕೈಗೆ ಬರದಿದ್ದರೂ ಅದು ಆದಾಯವೇ, ಬರಬೇಕಾದ ಬಾಕಿ ಅಂತ ತೋರಿಸಬೇಕು. ಪುಸ್ತಕದಲ್ಲಿ ನಾನು ಅಕ್ಟೋಬರ್‌ಗೆ 4,800 ರೂಪಾಯಿಯ ಒಡತಿ. ಪರ್ಸಿನಲ್ಲಿ ನೂರ ಚಿಲ್ಲರೆ. ಅಪ್ಪನಿಗೆ ಕೆಲಸ ಸಿಕ್ಕಿದೆ, ಈ ತಿಂಗಳಿಂದ ಎರಡು ಸಾವಿರ ಕಡಿಮೆ ಹಾಕಿ ಅಂತ ಜಂಬದಿಂದ ಹೇಳಿಬಿಟ್ಟಿದ್ದೆ. ಈಗ ಬಂದಿಲ್ಲ ಅಂತ ಹೇಳೋಕೆ ಮನಸ್ಸಿಲ್ಲ. ರೂಮ್‌ಮೇಟ್ ಹತ್ತಿರ 3,000 ಸಾಲ ಮಾಡಿದೆ, ಅದೇ ಬಟ್ಟೆ ಅಂಗಡಿಯಲ್ಲಿ ನಿಲ್ಲುವವಳು. ಅವಳ ಅಂಗಡಿಯವರು ರಜಾ ಕೊಡುವುದಿಲ್ಲ, ಸಂಬಳ ಮಾತ್ರ ಒಂದನೇ ತಾರೀಕು. ಸಂಜೆ ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕನ್ನಡ ಪ್ರಾಜೆಕ್ಟ್ ಟೈಪ್ ಮಾಡಿಕೊಡಲು ಶುರು ಮಾಡಿದೆ, ಪುಟಕ್ಕೆ 15 ರೂಪಾಯಿ. ಲೈಬ್ರರಿಯಲ್ಲಿ ಕಲಿತ ಕಗಪದಿಂದಲೇ. ಅಂಗಡಿ ಅಂಕಲ್ ಎದ್ದು ಹೋಗುವಾಗಲೇ ಗಲ್ಲಾದಿಂದ ತೆಗೆದು ಕೊಟ್ಟುಬಿಡುತ್ತಿದ್ದರು.

ಇನ್ನೊಂದು ಹೇಳಬೇಕು. ಕೌಂಟರಿನಲ್ಲಿ ಫೈನಿನ ಡಬ್ಬಿ ಇದೆ. ದಿನಾ ಸಂಜೆ ನಾನೇ ಎಣಿಸಿ, ರಸೀದಿ ಪುಸ್ತಕದ ಜೊತೆ ತಾಳೆ ನೋಡಿ, ಆಫೀಸಿಗೆ ಒಪ್ಪಿಸಿ ಬರುತ್ತಿದ್ದೆ. ಒಂದು ದಿನ 140, ಒಂದು ದಿನ 212. ನೋ ಡ್ಯೂ ವಾರದಲ್ಲಿ ಸಾವಿರದ ಮೇಲೆ. ಆ ದುಡ್ಡು ಆಫೀಸಿಗೆ ಹೋಗಲು ಒಂದು ಸಹಿ, ಎರಡು ನಿಮಿಷ. ಓದುಗರ ಸಮಯ ಉಳಿಸಬೇಕು ಅಂತ ಸೂತ್ರ ಇದೆ. ಓದುಗರ ಪುಸ್ತಕ ಜೋಡಿಸುವವರ ಸಮಯಕ್ಕೆ ಆರನೇ ಸೂತ್ರ ಯಾರೂ ಬರೆದಿಲ್ಲ.

ಸಿಂಧನೂರಿನ ಹುಡುಗ ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಮೂರನೇ ದಿನ ಬಂದು ಮೇಡಂಗೆ ಪತ್ರ ಕೊಟ್ಟ. ರಾತ್ರಿ ಹೊತ್ತು ಊಟ ಡೆಲಿವರಿ ಮಾಡುವ ಕೆಲಸ ಹಿಡಿದಿದ್ದ, ಗಾಡಿ ಅಣ್ಣನದ್ದಂತೆ. "ವಾರಕ್ಕೊಮ್ಮೆ ರೊಕ್ಕ ಹಾಕ್ತಾರ ಅಕ್ಕಾ. ಇಲ್ಲಿ ಎಷ್ಟ್ ದಿನ ಅಂತ ಕಾಯ್ಬೇಕು? ರೂಮ್ ಬಾಡಿಗೆ ಕಾಯಂಗಿಲ್ಲ" ಅಂದ. ಮೇಡಂ ತಡೆಯಲು ನೋಡಿದರು. ಇನ್ನೊಂದು ತಿಂಗಳು ನೋಡಪ್ಪಾ, ನೀನು ಕೆಲಸ ಚೆನ್ನಾಗಿ ಮಾಡ್ತೀಯ ಅಂದರು. ಅವನು "ಹೌದ್ರಿ ಮೇಡಂ" ಅಂದ, ಹೋದ. ಆಮೇಲೆ ಬೆಳಗಿನ ಕ್ಲಾಸುಗಳಿಗೂ ಅವನು ಸರಿಯಾಗಿ ಬರುತ್ತಿರಲಿಲ್ಲ ಅಂತ ಬಿಎ ಹುಡುಗರು ಹೇಳುತ್ತಿದ್ದರು.

ನಾನು ಕಾಯಲು ಆದದ್ದು ಯಾಕೆ? ಅಪ್ಪ ಹಾಕುವ ದುಡ್ಡು ಕಡಿಮೆಯಾದರೂ ಬರುತ್ತಿತ್ತು. ಸಾಲ ಕೊಡುವ ರೂಮ್‌ಮೇಟ್ ಇದ್ದಳು. ಅವನಿಗೆ ಎರಡೂ ಇರಲಿಲ್ಲ. ಇಬ್ಬರಲ್ಲಿ ಆ ಕೆಲಸ ಯಾರಿಗೆ ಜಾಸ್ತಿ ಬೇಕಿತ್ತೋ ಅವನೇ ಬಿಡಬೇಕಾಯಿತು, ಕಡಿಮೆ ಬೇಕಿದ್ದ ನಾನು ಉಳಿದೆ. ನಮ್ಮ ಕಾಲೇಜಿನ ವಾರ್ಷಿಕ ಪುಸ್ತಕದಲ್ಲಿ ಇದನ್ನು ಬಡ ವಿದ್ಯಾರ್ಥಿಗಳಿಗೆ ನೆರವಿನ ಯೋಜನೆ ಅಂತ ಹಾಕಿದ್ದಾರೆ, ನನ್ನ ಫೋಟೋ ಸಮೇತ, ಪುಸ್ತಕ ಹಿಡಿದು ನಗುತ್ತಿದ್ದೇನೆ.

ಡಿಸೆಂಬರ್ ಎರಡನೇ ವಾರ ಅಕೌಂಟ್ಸ್‌ನಿಂದ ಕರೆ ಬಂತು, ವೋಚರ್ ರೆಡಿ ಇದೆ ಬಾ ಅಂತ. ಆಗಸ್ಟ್ 16 ಗಂಟೆ, ಸೆಪ್ಟೆಂಬರ್ 36, ಅಕ್ಟೋಬರ್ 28, ನವೆಂಬರ್ 34. ಒಟ್ಟು 114 ಗಂಟೆ, 6,840 ರೂಪಾಯಿ. ಸಹಿ ಹಾಕಲು ಪೆನ್ನು ತೆಗೆದೆ. "ಐದು ಸಾವಿರದ ಮೇಲೆ ಇದೆ, ರೆವಿನ್ಯೂ ಸ್ಟಾಂಪ್ ಎಲ್ಲಿ?" ಅಂದರು. ಒಂದು ರೂಪಾಯಿ ಸ್ಟಾಂಪು. ಪೋಸ್ಟ್ ಆಫೀಸಿಗೆ ಓಡಿದೆ, ಊಟದ ಸಮಯ, ಬಾಗಿಲ ಬಳಿ ಅರ್ಧ ಗಂಟೆ ನಿಂತು ಹತ್ತು ಸ್ಟಾಂಪು ತಗೊಂಡು ಬಂದೆ. ಮಿಕ್ಕ ಒಂಬತ್ತು ಈಗಲೂ ಪರ್ಸಿನಲ್ಲಿವೆ. ತಿಂಗಳು ತಿಂಗಳು ಕೊಟ್ಟಿದ್ದರೆ ಈ ಸ್ಟಾಂಪೇ ಬೇಕಿರಲಿಲ್ಲ ನೋಡಿ.

ಸಹಿ ಹಾಕಿದೆ. ದುಡ್ಡು ಬರಲಿಲ್ಲ.

ಈ ಸಲ ತಪ್ಪು ನನ್ನದೇ. ಅರ್ಜಿಗೆ ಕೊಟ್ಟಿದ್ದು ನನ್ನ ಹೈಸ್ಕೂಲ್ ಕಾಲದ ಪಾಸ್‌ಬುಕ್ಕಿನ ಜೆರಾಕ್ಸ್. 2020ರ ಏಪ್ರಿಲ್ 1ಕ್ಕೆ ಹತ್ತು ಸರ್ಕಾರಿ ಬ್ಯಾಂಕುಗಳು ಸೇರಿ ನಾಲ್ಕಾದವಲ್ಲ, ಹಾಗೆ ಇನ್ನೊಂದರೊಳಗೆ ಸೇರಿಹೋದ ಬ್ಯಾಂಕು ನಮ್ಮೂರಿನದ್ದು. ಊರಿನ ಶಾಖೆ ಅದೇ ಕಟ್ಟಡದಲ್ಲಿದೆ, ಅದೇ ಕ್ಯಾಷಿಯರ್, ಅದೇ ಬೇವಿನ ಮರ, ಬೋರ್ಡು ಮತ್ತು ಐಎಫ್‌ಎಸ್‌ಸಿ ಕೋಡು ಮಾತ್ರ ಬೇರೆ. ನನ್ನ ಪಾಸ್‌ಬುಕ್ಕಿನಲ್ಲಿ ಹಳೇ ಕೋಡು. ದುಡ್ಡು ಹೋಗಿ ಗೋಡೆಗೆ ಬಡಿದ ಚೆಂಡಿನ ಹಾಗೆ ಕಾಲೇಜಿನ ಖಾತೆಗೇ ವಾಪಸ್ ಬಂದಿತ್ತು. ವಾಪಸ್ ಬಂದದ್ದು ಅವರಿಗೆ ಗೊತ್ತಾಗಲು ಎರಡು ವಾರ. ಹೊಸ ಕೋಡು ಬರೆದು, ಪಾಸ್‌ಬುಕ್ ಹೊಸದು ಮಾಡಿಸಿ, ಜೆರಾಕ್ಸ್ ಕೊಟ್ಟು, ಈ ಸಲ ನನಗೂ ಒಂದು ಕಾಪಿ ಇಟ್ಟುಕೊಂಡು ಬಂದೆ. ಅಟೆಂಡರ್ ಅಣ್ಣ ನೋಡಿ ನಕ್ಕರು, ಮಾತಾಡಲಿಲ್ಲ.

ಜನವರಿ 9, ಗುರುವಾರ, ಎರಡನೇ ಪೀರಿಯಡ್ಡಿನಲ್ಲಿ ಮೊಬೈಲು ನಡುಗಿತು. 6,840. ಮೊದಲು 3,000 ಸಾಲ ತೀರಿಸಿದೆ. ಸಂಜೆ ಎಂಟನೇ ಕ್ರಾಸಿನಲ್ಲಿ ಅಮ್ಮನಿಗೆ ಒಂದು ಕಾಟನ್ ಸೀರೆ ತಗೊಂಡೆ, 650 ರೂಪಾಯಿ. ಅಪ್ಪನಿಗೆ ಏನು ತಗೊಳ್ಳಬೇಕು ಅಂತ ಗೊತ್ತಾಗದೆ ಒಂದು ಟಾರ್ಚು ತಗೊಂಡೆ, ತೋಟಕ್ಕೆ. ಸಂಕ್ರಾಂತಿಗೆ ಊರಿಗೆ ಹೋಗಿ ಕೊಟ್ಟಾಗ ಅಪ್ಪ ಅದನ್ನು ಹಗಲಲ್ಲೇ ಹತ್ತಿಸಿ ಹತ್ತಿಸಿ ನೋಡುತ್ತಿದ್ದರು.

ಸಿಂಧನೂರಿನ ಹುಡುಗನದ್ದೂ ಬಂದಿತ್ತು. 52 ಗಂಟೆ, 3,120. ವೋಚರಿಗೆ ಅವನ ಸಹಿ ಬೇಕು, ಫೋನ್ ನಂಬರ್ ಬದಲಾಗಿದೆ. ನಾನು ಅವನ ಕ್ಲಾಸಿನವರನ್ನು ಹಿಡಿದು ಹುಡುಕಿಸಿದೆ. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಬಂದ, ಬೆನ್ನಿಗೆ ಆ ದೊಡ್ಡ ಚೌಕದ ಬ್ಯಾಗು. ತೂಕ ಇಳಿದಿದ್ದ. ಸಹಿ ಹಾಕಿ, ಎಷ್ಟು ಅಂತ ನೋಡಿ, "ಮರತೇ ಬಿಟ್ಟಿದ್ದೆ ಅಕ್ಕಾ" ಅಂದ. ಪುಸ್ತಕ ಎಷ್ಟಾದವು ಅಂತ ಕೇಳಿದ. ಸಾವಿರದ ಇನ್ನೂರು ಅಂದೆ. ಪುಸ್ತಕ ಹುಡುಕುವ ಕಂಪ್ಯೂಟರಿನ ಮುಂದೆ ಹೋಗಿ ನಿಂತುಕೊಂಡೇ ಕನ್ನಡದಲ್ಲಿ ಏನೋ ಹೊಡೆದ. ಅಷ್ಟರಲ್ಲಿ ಅವನ ಫೋನು ಕೂಗಿತು, ಆರ್ಡರು. ಹೋದ. ಆಮೇಲೆ ನೋಡಿದರೆ ಪರದೆಯ ಮೇಲೆ ಹದಿನಾರು ಪುಸ್ತಕದ ಪಟ್ಟಿ ಹಾಗೇ ಇತ್ತು, ಅದರಲ್ಲಿ ಹದಿಮೂರು ಅವನು ಓದಿ ಹೇಳಿ ನಾನು ಹೊಡೆದದ್ದು.

ಏಪ್ರಿಲ್‌ನಲ್ಲಿ ಸ್ಟಾಕ್ ವೆರಿಫಿಕೇಷನ್. ಅಕ್ಸೆಷನ್ ರಿಜಿಸ್ಟರ್ ಹಿಡಿದು ಹದಿನೆಂಟು ಸಾವಿರ ಪುಸ್ತಕ ಒಂದೊಂದಾಗಿ ನೋಡೋದು, ಧೂಳಿಗೆ ಮೂರು ದಿನ ಸೀನು. 61 ಸಿಗಲಿಲ್ಲ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮದಲ್ಲಿ, ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತಲೇ ಇದೆಯಂತೆ, ಮೋಸದಿಂದಲೋ ನಿರ್ಲಕ್ಷ್ಯದಿಂದಲೋ ಕಳೆದಿರಬಾರದು ಅಷ್ಟೇ. ನಮ್ಮದು ಖಾಸಗಿ ಕಾಲೇಜಾದರೂ ಮೇಡಂ ಅದೇ ಲೆಕ್ಕ ಹಿಡಿಯುತ್ತಾರೆ. ಪುಸ್ತಕ ಕಳೆಯುವುದಕ್ಕೂ ನಿಯಮ ಇದೆ ಅಂದರೆ ದುಡ್ಡು ಕೊಡುವುದಕ್ಕೆ ಯಾಕಿಲ್ಲ ಅಂತ ನಾನು ತಮಾಷೆಗೆ ಅಂದೆ. ಮೇಡಂ ನಗಲಿಲ್ಲ. ಬರೆದು ಕೊಡು, ನಾನೂ ಸಹಿ ಹಾಕ್ತೀನಿ ಅಂದರು.

ಬರೆದೆ. ನಮ್ಮ ಪುಸ್ತಕದಲ್ಲೇ ಇರುವ ಪೆಟ್ಟಿ ಕ್ಯಾಶ್ ಪದ್ಧತಿ, ಅಂದರೆ ಒಂದಿಷ್ಟು ದುಡ್ಡನ್ನು ಮೇಡಂ ಹತ್ತಿರ ಮೊದಲೇ ಇಟ್ಟಿರುವುದು, ತಿಂಗಳ ಕೊನೆಗೆ ಅದರಿಂದ ನಮಗೆ ಕೊಡುವುದು, ಎಷ್ಟು ಕೊಟ್ಟರೋ ಅಷ್ಟನ್ನು ಆಫೀಸು ಮತ್ತೆ ತುಂಬುವುದು. ಒಂದೂವರೆ ಪುಟ. ಪ್ರಿನ್ಸಿಪಾಲರು ಚೆನ್ನಾಗಿದೆ ಅಂದರು. ಮ್ಯಾನೇಜ್‌ಮೆಂಟ್ ನಗದು ಕೊಡುವ ಹಾಗಿಲ್ಲ ಅಂದಿತು. ಕೊನೆಗೆ ಆದದ್ದು ಇಷ್ಟು: ಮೂರು ನಾಲ್ಕು ತಿಂಗಳು ಸೇರಿಸುವಂತಿಲ್ಲ, ತಿಂಗಳಿಗೊಂದು ವೋಚರ್. ಈಗ ಎರಡು ತಿಂಗಳು ತಡವಾಗಿ ಬರುತ್ತೆ. ಜುಲೈದು ಸೆಪ್ಟೆಂಬರ್‌ಗೆ. ಗಂಟೆಗೆ 60 ಹಾಗೇ ಇದೆ.

ನಾನು ಈಗ ಮೂರನೇ ವರ್ಷ. ಈ ವರ್ಷ ಹೊಸಬರು ಮೂವರು ಸೇರಿದ್ದಾರೆ. ಮೊದಲ ದಿನ ಅವರನ್ನು ಕೂರಿಸಿಕೊಂಡು ನನಗೆ ಗೊತ್ತಿರುವುದನ್ನೆಲ್ಲ ಹೇಳಿದೆ. ಪಾಸ್‌ಬುಕ್ಕಿನ ಕೋಡು ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬನ್ನಿ, ಹಳೇದು ಕೊಡಬೇಡಿ. ಹಾಜರಿ ಹಾಳೆಯ ಫೋಟೋ ಪ್ರತಿ ಶುಕ್ರವಾರ ತೆಗೆದಿಟ್ಟುಕೊಳ್ಳಿ. ಪರೀಕ್ಷೆಗೆ ಹತ್ತು ದಿನ ಮೊದಲು ಮೇಡಂ ತಾವೇ ಕೆಲಸ ನಿಲ್ಲಿಸುತ್ತಾರೆ, ಆ ದಿನಗಳಿಗೆ ದುಡ್ಡಿಲ್ಲ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಫ್ರೆಂಡ್ಸ್‌ಗೆ ಫೈನು ಬಿಡಬೇಡಿ, ಒಬ್ಬರಿಗೆ ಬಿಟ್ಟರೆ ಇಡೀ ಕ್ಲಾಸು ಬರುತ್ತೆ. ಮತ್ತೆ, ಎರಡು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಕೈಯಲ್ಲಿಟ್ಟುಕೊಂಡು ಕೆಲಸಕ್ಕೆ ಸೇರಿ.

ಅವರಲ್ಲಿ ಒಬ್ಬಳು, ಪಾವಗಡದ ಕಡೆಯವಳು, ಅಲ್ಲಿವರೆಗೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವಳು, ಪೆನ್ನು ಎತ್ತಿ ನನ್ನ ಮುಖ ನೋಡಿದಳು.

"ಅಷ್ಟು ದುಡ್ಡಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಅಕ್ಕಾ?"

ಟ್ರಾಲಿಯಲ್ಲಿ ಬೆಳಗ್ಗೆಯಿಂದ ವಾಪಸ್ ಬಂದ ಪುಸ್ತಕ ತುಂಬಿತ್ತು. ಬಾ, ಮೊದಲು 657 ತೋರಿಸ್ತೀನಿ ಅಂದೆ.